"ಇದರಲ್ಲಿ ನಾನು ಕೂತ್ಕೊಳ್ಳೋದು ಎಲ್ಲಿ?"

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ಶ್ರೀಪಾದ ಅವರಿಗೆ 64, ವಸುಧಾ ಅವರಿಗೆ 61. ಶ್ರೀಪಾದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ವಸುಧಾ ಮನೆ, ಮಗನ ಓದು, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಎಂದು ಬದುಕು ಸವೆಸಿದವರು. ಮದುವೆಯಾಗಿ 35 ವರ್ಷ ತುಂಬಿದ್ದಕ್ಕೆ ಅಮೆರಿಕದಲ್ಲಿರುವ ಮಗ, "ಇಬ್ರೂ ಎಲ್ಲಾದ್ರೂ ವಿದೇಶಕ್ಕೆ ಹೋಗಿ ಬನ್ನಿ" ಎಂದು ದುಡ್ಡು ಕಳಿಸಿದ್ದ. ಜಗಳ ಶುರುವಾಗಿದ್ದು ಅಲ್ಲಿಂದ.

ಶ್ರೀಪಾದ ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಹತ್ತು ದಿನದ ಪಟ್ಟಿ ಮಾಡಿದರು. ವಸುಧಾ ತನಗೆ ಸಮುದ್ರದ ಪಕ್ಕದ ಊರು ಬೇಕು ಅಂದರು. "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಮುರುಡೇಶ್ವರ ಇಲ್ವಾ?" ಎಂದು ಇವರು ಕೇಳಿದರಂತೆ. ಆಮೇಲೆ ಆಕೆ "ನಾನು ಬರಲ್ಲ, ನೀವೇ ಹೋಗಿ" ಎಂದು ಮಾತು ಮುಗಿಸಿದರು. ಊಟಕ್ಕೆ ಬಡಿಸುತ್ತಿದ್ದರು, ಆದರೆ ಮಾತಿಲ್ಲ. ಮಗ ಗಾಬರಿಯಾಗಿ, ಅಮ್ಮನಿಗೆ ಖಿನ್ನತೆ ಇರಬಹುದು, ಒಮ್ಮೆ ಮಾತಾಡಿ ಎಂದು ಇಬ್ಬರನ್ನೂ ಆಪ್ತಸಲಹೆ ಕೊಡುವ ನನ್ನ ಬಳಿ ಕಳಿಸಿದ.

ಮೊದಲು ಅದನ್ನೇ ನೋಡಿದೆ. ನಿದ್ದೆ, ಊಟ, ಆಸಕ್ತಿ, ಮನಸ್ಸಿನ ಭಾರ ಎಲ್ಲವನ್ನೂ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಆಕೆಗೆ ಕೋಪ ಇತ್ತು, ಅಷ್ಟೇ. ಹೆಂಗಸರ ಕೋಪವನ್ನು ನಮ್ಮ ಮನೆಗಳಲ್ಲಿ ಕಾಯಿಲೆ ಎಂದು ನೋಡುವುದು ಜಾಸ್ತಿ. ಆ ದಾರಿಗೆ ಹೋಗಬಾರದು ಅನ್ನಿಸಿತು.

ಇಬ್ಬರೂ ಒಟ್ಟಿಗೆ ಬಂದ ದಿನ ಶ್ರೀಪಾದ ತಮ್ಮ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. ನೀಟಾಗಿ ಗೆರೆ ಎಳೆದು, ಬೆಳಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತರವರೆಗೆ ತುಂಬಿಸಿದ್ದರು. ವಸುಧಾ ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಕೊನೆಯ ಹಾಳೆ ಮುಗಿಸಿ ಕೇಳಿದರು: "ಇದರಲ್ಲಿ ನಾನು ಕೂತ್ಕೊಳ್ಳೋದು ಎಲ್ಲಿ?"

ಶ್ರೀಪಾದರ ಹತ್ತಿರ ಉತ್ತರ ಇರಲಿಲ್ಲ. ಬಾದಾಮಿ, ಹಂಪಿ, ಬೇಲೂರು, ಬಿಜಾಪುರ ಎಂದು ಹೋದ ಕಡೆಯೆಲ್ಲ ಬುತ್ತಿ ಚೀಲ ಹಿಡಿದುಕೊಂಡು ಬಿಸಿಲಲ್ಲಿ ನಿಂತು ಗಂಡನ ಪಾಠ ಕೇಳಿಸಿಕೊಂಡಿದ್ದನ್ನು ಆಕೆ ಆ ದಿನ ಮೊದಲ ಸಲ ಬಾಯಿ ಬಿಟ್ಟು ಹೇಳಿದರು. "ಇವಳು ಒಂದು ಸಲಾನೂ ಬೇಡ ಅಂದಿಲ್ಲ ಮೇಡಂ" ಎಂದರು ಅವರು. ಅದೂ ನಿಜವೇ. ಆಕೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಇಂಥ ಜಗಳ ಬಂದಾಗ ನಾನು ಊರಿನ ಹೆಸರುಗಳನ್ನು ಮೊದಲು ಪಕ್ಕಕ್ಕಿಡಿಸುತ್ತೇನೆ. ರೋಮ್ ಬೇಕು, ಬೀಚ್ ಬೇಕು ಅನ್ನುತ್ತಿದ್ದರೆ ಒಬ್ಬರು ಗೆಲ್ಲಬೇಕು, ಇನ್ನೊಬ್ಬರು ಸೋಲಬೇಕು. ಅದರ ಬದಲು, ಪ್ರವಾಸದ ಒಂದು ಮಧ್ಯಾಹ್ನ ಹೇಗಿದ್ದರೆ ನಿಮಗೆ ಸಂತೋಷ ಅಂತ ಇಬ್ಬರೂ ಬೇರೆ ಬೇರೆ ಬರೆದು ತನ್ನಿ ಎಂದೆ.

ವಸುಧಾ ಬರೆದದ್ದು ಹೀಗಿತ್ತು: ತಿಂಡಿ ಯಾರೋ ಮಾಡಿಟ್ಟಿರಬೇಕು. ಮೊಣಕಾಲು ನೋಯದ ಹಾಗೆ ಮರಳಲ್ಲಿ ನಡೆಯಬೇಕು. ನೀರಿಗೆ ಕಾಲು ಬಿಟ್ಟು ಕೂತಾಗ ಯಾರೂ ಕರೆಯಬಾರದು. ಮುರುಡೇಶ್ವರದಲ್ಲಿ ಗುರುತಿನವರು ಸಿಗುತ್ತಾರೆ, ಬೇಡ.

ಶ್ರೀಪಾದರದ್ದು: ಎಷ್ಟೋ ವರ್ಷ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ ರೋಮನ್ ಸಾಮ್ರಾಜ್ಯದ ಒಂದು ಕಲ್ಲನ್ನಾದರೂ ಮುಟ್ಟಿ ನಿಲ್ಲಬೇಕು. ಅದರ ಕಥೆಯನ್ನು ಯಾರಿಗಾದರೂ ಹೇಳಬೇಕು.

ಎರಡನ್ನೂ ಓದಿದ ಮೇಲೆ ಶ್ರೀಪಾದರಿಗೇ ಕೆಲಸ ಕೊಟ್ಟೆ. ಈ ಎರಡು ಮಧ್ಯಾಹ್ನಗಳು ಹತ್ತು-ಹದಿನೈದು ನಿಮಿಷದ ನಡಿಗೆಯಲ್ಲಿ ಸಿಗುವ ಊರು ಹುಡುಕಿ ಅಂದೆ. ಹುಡುಕುವ ಕೆಲಸ ಅವರಿಗೆ ಇಷ್ಟ, ಅದು ಗೊತ್ತಿತ್ತು.

ಅವರು ಕ್ರೊಯೇಷಿಯಾದ ಸ್ಪ್ಲಿಟ್ ಊರನ್ನು ಹಿಡಿದುಕೊಂಡು ಬಂದರು. ಏಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ ಊರು. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ 305ರಲ್ಲಿ ತಾನಾಗಿಯೇ ಸಿಂಹಾಸನ ಬಿಟ್ಟು ಬಂದು ಉಳಿದ ಅರಮನೆ ಇರುವುದು ಅಲ್ಲೇ. ಆ ಅರಮನೆ ಬೇಲಿ ಹಾಕಿ ಕಾದಿಟ್ಟ ಅವಶೇಷ ಅಲ್ಲ, ಅದೇ ಊರಿನ ಹಳೇ ಭಾಗ. ಏಳನೇ ಶತಮಾನದಲ್ಲಿ ಪಕ್ಕದ ಸಲೋನಾ ನಗರ ಹಾಳಾದಾಗ ಜನ ಓಡಿ ಬಂದು ಆ ಗೋಡೆಗಳ ಒಳಗೆ ಸೇರಿಕೊಂಡರು. ಇವತ್ತಿಗೂ ಒಳಗೆ ಮನೆಗಳಿವೆ, ಅಂಗಡಿಗಳಿವೆ, ಬಟ್ಟೆ ಒಣಗಿಸುತ್ತಾರೆ. 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕ್ರೈಸ್ತರನ್ನು ಕೊಲ್ಲಿಸಿದ ಆ ಚಕ್ರವರ್ತಿಯ ಸಮಾಧಿಯೇ ಈಗ ಚರ್ಚ್ ಆಗಿದೆ, ಅದೂ ಅವನ ಕಾಲದಲ್ಲೇ ಕೊಲೆಯಾದ ಬಿಷಪ್ ದೊಮ್ನಿಯಸ್ ಹೆಸರಿನಲ್ಲಿ. ಅರಮನೆಯಿಂದ ಹತ್ತು ನಿಮಿಷ ನಡೆದರೆ ಬಾಚ್ವಿತ್ಸೆ ಬೀಚ್. ಆ ಕರಾವಳಿಯಲ್ಲಿ ಹೆಚ್ಚಿನ ಕಡೆ ಬೆಣಚುಕಲ್ಲೇ, ಇಲ್ಲಿ ಮಾತ್ರ ಮರಳು. ನೀರು ಬಹಳ ದೂರದವರೆಗೆ ಮೊಣಕಾಲಿನಷ್ಟೇ ಆಳ.

ಶ್ರೀಪಾದ ಇನ್ನೊಂದು ಕಥೆ ಹೇಳಿದರು. ಮತ್ತೆ ಬಂದು ಅಧಿಕಾರ ಹಿಡಿ ಎಂದು ಕರೆದಾಗ ಡಯೊಕ್ಲೀಷಿಯನ್, ನನ್ನ ಕೈಯಾರೆ ಬೆಳೆದ ಕೋಸು ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂದನಂತೆ. "ಅಷ್ಟು ದೊಡ್ಡ ರಾಜನೂ ಕೊನೆಗೆ ಸಮುದ್ರದ ಪಕ್ಕಾನೇ ಬಂದು ಕೂತ ಅಲ್ವಾ?" ಎಂದರು ವಸುಧಾ. ಶ್ರೀಪಾದ ನಕ್ಕರು. ಆಗ ನಾನು ಕೇಳಿದೆ, ನೀವು ನಿವೃತ್ತರಾದ ಮೇಲೆ ಏನು ಬೆಳೆದಿರಿ ಸರ್?

ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಈ ಪ್ರಕರಣದ ಬೇರು. ಕಾಲೇಜು ಬಿಟ್ಟ ಮೇಲೆ ಅವರ ಪಾಠ ಕೇಳುವವರು ಯಾರೂ ಉಳಿದಿರಲಿಲ್ಲ, ಹೆಂಡತಿ ಒಬ್ಬರನ್ನು ಬಿಟ್ಟರೆ. ಹತ್ತು ದಿನದ ಪಟ್ಟಿ ಅಂದರೆ ಅವರಿಗೆ ಹತ್ತು ದಿನದ ಕ್ಲಾಸು. ಆಕೆ ಬರಲ್ಲ ಅಂದದ್ದು ಕೊನೇ ವಿದ್ಯಾರ್ಥಿಯೂ ಎದ್ದು ಹೋದಂತೆ ಆಗಿತ್ತು. ಇದನ್ನು ಕೇಳಿ ವಸುಧಾ ಕಣ್ಣು ಒರೆಸಿಕೊಂಡರು. "ಹೇಳಿದ್ರೆ ಆಗ್ತಿರ್ಲಿಲ್ವಾ, ರೀ?" ಅಂದರು.

ನಾನು ಕೊಟ್ಟ ಸಲಹೆ ಇದು.

ಒಂದೇ ಊರಲ್ಲಿ ಉಳಿಯಿರಿ, ಪೆಟ್ಟಿಗೆ ಕಟ್ಟುವುದು ಬಿಚ್ಚುವುದು ಬೇಡ. ಬೆಳಗ್ಗೆ ಬೇರೆ ಬೇರೆ ಇರಿ: ಅವರು ಅರಮನೆಯ ನೆಲಮಾಳಿಗೆಗೆ, ಇವರು ಬೀಚಿಗೆ. ಮಧ್ಯಾಹ್ನ ಊಟಕ್ಕೆ ಸೇರಿ. ಸಂಜೆ ದಡದ ರಿವಾ ರಸ್ತೆಯ ಬೆಂಚಿನ ಮೇಲೆ ದಿನಕ್ಕೊಂದು ಕಥೆ, ವಸುಧಾ ಕೂತು ಕೇಳಬೇಕು, ನಿಂತಲ್ಲ. ಗಂಡ ಹೆಂಡತಿ ಪ್ರವಾಸದಲ್ಲಿ ಇಡೀ ದಿನ ಅಂಟಿಕೊಂಡೇ ಇರಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಒಬ್ಬಳೇ ಕೂತರೆ ಜನ ಏನಂದುಕೊಳ್ಳುತ್ತಾರೋ ಎಂದು ವಸುಧಾ ಅಳುಕಿದರು. ಹೊರಡುವವರೆಗೆ ವಾರಕ್ಕೊಂದು ಸಂಜೆ ಮನೆ ಹತ್ತಿರದ ಕೆರೆ ಏರಿ ಮೇಲೆ ಒಬ್ಬರೇ ಕೂತು ಬನ್ನಿ ಎಂದೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಸಸ್ಯಾಹಾರಿಗಳು, ಅನ್ನ ಬೇಕು, ಖರ್ಚೂ ಉಳಿಯುತ್ತದೆ ಎಂದು ಶ್ರೀಪಾದ ಅದನ್ನೇ ನೋಡಿಟ್ಟಿದ್ದರು. ಆದರೆ ಆ ಒಲೆ ಮುಂದೆ ನಿಲ್ಲುವವರು ಯಾರು? ನಮ್ಮ ಎಷ್ಟೋ ಮನೆಯ ವಿದೇಶ ಪ್ರವಾಸ ಕುಕ್ಕರ್ ಸಮೇತ ಹೊರಡುತ್ತದೆ, ಅಮ್ಮನಿಗೆ ಅಲ್ಲೂ ಮನೆಯೇ. ತಿಂಡಿ ಸೇರಿದ ಹೋಟೆಲ್ ಹಿಡಿಯಿರಿ ಎಂದೆ. ಸ್ಪ್ಲಿಟ್ ಇರುವ ಡಾಲ್ಮೇಷಿಯಾ ಕರಾವಳಿಯ ಕಡೆ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ ಹಾಕಿ ಮಾಡುವ ಬ್ಲಿತ್ವಾ, ಸೊಪ್ಪು ತುಂಬಿದ ರೊಟ್ಟಿಯಂಥ ಸೊಪಾರ್ನಿಕ್ ಸಿಗುತ್ತವೆ. ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ಒಯ್ದರೆ ಬಿಸಿನೀರು ಹಾಕುವ ಕೆಲಸ ಶ್ರೀಪಾದರದ್ದು.

ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಯೂರೋ ನಡೆಯುತ್ತದೆ. ಆರು ತಿಂಗಳು ಮೊದಲೇ ವೀಸಾಗೆ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಆದ್ದರಿಂದ ಮೊಣಕಾಲಿಗೆ ವೀಲ್‌ಚೇರ್ ಕೇಳಿಟ್ಟುಕೊಳ್ಳಿ, ಸಂಕೋಚ ಬೇಡ ಎಂದೆ. ಸಮಯ ಸೆಪ್ಟೆಂಬರ್: ಆಗಸ್ಟಿನ ನೂಕುನುಗ್ಗಲು ಇಳಿದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ.

ಕ್ರೊಯೇಷಿಯಾದ್ದೇ ಇನ್ನೊಂದು ಕರಾವಳಿ ಊರಾದ ಡುಬ್ರೊವ್ನಿಕ್ ವಿಷಯದಲ್ಲಿ ಒಂದಿಷ್ಟು ಎಳೆದಾಟ ಆಯಿತು. ಅಲ್ಲಿನ ಕೋಟೆಗೋಡೆಯ ಮೇಲೆ ಸುಮಾರು ಎರಡು ಕಿಲೋಮೀಟರ್ ನಡೆಯಬಹುದು, ಶ್ರೀಪಾದರಿಗೆ ಆಸೆ. ಆದರೆ ಊರೆಲ್ಲ ಮೆಟ್ಟಿಲು, ಹಗಲಲ್ಲಿ ಹಡಗಿನಿಂದ ಇಳಿದ ಜನ. ಕೊನೆಗೆ ಬಿಟ್ಟರು. ರೋಮ್ ಕೈತಪ್ಪಿದ್ದೂ ಅವರಿಗೆ ನೋವೇ. ಅದನ್ನು ನಾನು ಸಮಾಧಾನದ ಮಾತಿನಿಂದ ಮುಚ್ಚಲಿಲ್ಲ. ಒಬ್ಬರು ಏನನ್ನು ಬಿಟ್ಟುಕೊಟ್ಟರು ಎಂಬುದು ಇನ್ನೊಬ್ಬರಿಗೆ ಗೊತ್ತಿರಬೇಕು.

ದುಡ್ಡು ಅಷ್ಟಿಲ್ಲದವರಿಗೂ ಇದೇ ಲೆಕ್ಕ ನಡೆಯುತ್ತದೆ. ಶ್ರೀಲಂಕಾದ ಗಾಲೆಯಲ್ಲಿ ಪೋರ್ಚುಗೀಸರು ಶುರು ಮಾಡಿ ಡಚ್ಚರು ಬೆಳೆಸಿದ ಕೋಟೆ ಇದೆ, ಸ್ವಲ್ಪ ದೂರದಲ್ಲೇ ಉನವತುನ ಬೀಚ್. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಮುದ್ರ ಶಾಂತ. ವಿಯೆಟ್ನಾಂನ ಹೊಯ್ ಆನ್ ಹಳೇ ವ್ಯಾಪಾರದ ಪಟ್ಟಣ, ಬೀಚಿಗೆ ಸೈಕಲ್‌ನಲ್ಲೇ ಹೋಗಬಹುದು. ಅಕ್ಟೋಬರ್, ನವೆಂಬರ್ ಬೇಡ, ನೆರೆ ಬರುತ್ತದೆ.

ಅವರು ಹೋಗಿ ಬಂದರು. ಜಗಳ ಆಗಲೇ ಇಲ್ಲ ಅಂತಲ್ಲ. ಹತ್ತಿರದ ತ್ರೊಗೀರ್ ದ್ವೀಪಪಟ್ಟಣಕ್ಕೆ ಬಸ್ಸಿನಲ್ಲಿ ಹೋದ ದಿನ, 1240ರಲ್ಲಿ ರಾದೊವಾನ್ ಕೆತ್ತಿದ ಚರ್ಚಿನ ಬಾಗಿಲು ನೋಡಲು ಶ್ರೀಪಾದ "ಹತ್ತೇ ನಿಮಿಷ" ಎಂದು ಹೋಗಿ ಒಂದು ಗಂಟೆ ಮಾಡಿದರಂತೆ. ವಸುಧಾ ಅಲ್ಲೇ, ಆಗಲೇ ಹೇಳಿದರು: "ನಂಗೆ ಸಿಟ್ಟು ಬಂದಿದೆ." ಅವರು ತಪ್ಪಾಯ್ತು ಅಂದು ಐಸ್‌ಕ್ರೀಂ ಅಂಗಡಿಯಲ್ಲಿ ಕೂರಿಸಿದರು. ಹಿಂದೆ ಆಗಿದ್ದರೆ ಇದು ಆಕೆಯ ಹೊಟ್ಟೆಯಲ್ಲೇ ವರ್ಷಗಟ್ಟಲೆ ಇರುತ್ತಿತ್ತು. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ಸುದ್ದಿ ಅದು.

ಶ್ರೀಪಾದ ಈಗ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಸಂಜೆ ಮಕ್ಕಳಿಗೆ ಇತಿಹಾಸದ ಕಥೆ ಹೇಳುತ್ತಿದ್ದಾರೆ. ಮುಂದಿನ ವರ್ಷ ಹಳೇ ಸಹೋದ್ಯೋಗಿಯೊಬ್ಬರ ಜೊತೆ ರೋಮ್‌ಗೆ ಹೊರಡುವ ತಯಾರಿಯೂ ನಡೆದಿದೆ. ಆ ದಿನಗಳಲ್ಲಿ ವಸುಧಾ ತಂಗಿಯ ಜೊತೆ ಗೋಕರ್ಣಕ್ಕೆ ಹೋಗುತ್ತಾರೆ, ಬೀಚಿನ ಹತ್ತಿರವೇ ರೂಮು ಹುಡುಕುತ್ತಿದ್ದಾರೆ.