ನಮ್ಮೂರ ರೇಡಿಯೋದಲ್ಲಿ ನಮ್ಮೂರ ಸುದ್ದಿ ಯಾಕಿಲ್ಲ?

ಪ್ರಶ್ನೆ: ನಮ್ಮ ಸಮುದಾಯ ರೇಡಿಯೋದಲ್ಲಿ ಸೋಬಾನೆ ಪದ, ಬೇಸಾಯದ ಮಾತು ಎಲ್ಲ ಬರುತ್ತದೆ. ಊರಿನ ಸುದ್ದಿ ಮಾತ್ರ ಓದುವುದಿಲ್ಲ. ಕೇಳಿದರೆ ರೂಲ್ಸ್ ಇಲ್ಲ ಅಂತಾರೆ. ನಿಜಾನಾ?
– ಓದುಗರು, ಕೋಲಾರ ಜಿಲ್ಲೆ

ಉತ್ತರ: ನಿಜ. 2006ರ ಸಮುದಾಯ ರೇಡಿಯೋ ನೀತಿಯಲ್ಲೇ ಸ್ವಂತ ಸುದ್ದಿಗೆ ಅವಕಾಶವಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಅಥವಾ ಊರಿನ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದು, ಅಷ್ಟೇ. ಟಿವಿಗೆ, ಪತ್ರಿಕೆಗೆ ಇಲ್ಲದ ಈ ಕಟ್ಟು ಊರಿನ ಪುಟ್ಟ ರೇಡಿಯೋಗೆ ಯಾಕೆ? ನನಗಂತೂ ಇದು ಅನ್ಯಾಯ ಅನಿಸುತ್ತದೆ. ಗಾಳಿಯ ತರಂಗಗಳು ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, 1996ರಲ್ಲಿ ಬೆಂಗಳೂರಿನಲ್ಲಿ ಸೇರಿದವರು ಸಮುದಾಯಗಳಿಗೆ ರೇಡಿಯೋ ಕೊಡಿ ಅಂತ ಘೋಷಣೆ ಹೊರಡಿಸಿದರು, ಆದರೂ ಹಳ್ಳಿಯ ಸಂಘಗಳು ಲೈಸೆನ್ಸ್ ಕೇಳುವ ಹಾಗಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ನಿಮ್ಮ ಜಿಲ್ಲೆಯ ಬೂದಿಕೋಟೆಯನ್ನೇ ನೋಡಿ. ಲೈಸೆನ್ಸ್ ಸಿಗದ ಕಾಲದಲ್ಲಿ 'ನಮ್ಮ ಧ್ವನಿ' ಸಮುದಾಯ ರೇಡಿಯೋದವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು!

ಸುದ್ದಿ ನಿಷೇಧವನ್ನು ಪ್ರಶ್ನಿಸಿ 2013ರಲ್ಲಿ 'ಕಾಮನ್ ಕಾಸ್' ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ನೀವೂ ಸುಮ್ನೆ ಕೂರಬೇಡಿ. ಕೇಳುಗರೆಲ್ಲ ಸೇರಿ ಸಹಿ ಹಾಕಿ, ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ನಿಮ್ಮ ಸಂಸದರಿಗೂ ಕಳಿಸಿ. ಗ್ರಾಮಸಭೆಯಲ್ಲೂ ಈ ಮಾತು ಎತ್ತಿ. ಒಂದು ಎಚ್ಚರ: ರೇಡಿಯೋದ ಹುಡುಗರಿಗೆ ಈಗಲೇ ಸುದ್ದಿ ಓದಿ ಅಂತ ಒತ್ತಾಯ ಮಾಡಬೇಡಿ, ಲೈಸೆನ್ಸ್ ಹೋದರೆ ಇರುವ ದನಿಯೂ ನಿಂತುಹೋಗುತ್ತದೆ ಅಲ್ವಾ?