ನೆರಳಿಗೆ ಬಂದರೆ ಬಣ್ಣ ಮಾಯ

ಪತ್ರ: ಮೊದಲ ಮಳೆ ಬಿದ್ದ ರಾತ್ರಿ ಲೈಟಿನ ಕೆಳಗೆ ಸಿಕ್ಕಿದ ಕಂದು ದುಂಬಿಯನ್ನು ಮಕ್ಕಳು ಶಾಲೆಗೆ ತಂದಿದ್ದರು. ಬಿಸಿಲಿನಲ್ಲಿ ಅದರ ಬೆನ್ನ ಮೇಲೆ ಕಾಮನಬಿಲ್ಲು. ತರಗತಿಯೊಳಗೆ ತಂದರೆ ಬರೀ ಕಂದು. ಜೀರಂಗಿಯ ಹಸಿರು ಹೀಗೆ ಹೋಗುವುದಿಲ್ಲವಲ್ಲ? ಈ ಬಣ್ಣದಿಂದ ದುಂಬಿಗೇನು ಲಾಭ?
– ಶಿಕ್ಷಕರೊಬ್ಬರು, ಚಳ್ಳಕೆರೆ ತಾಲ್ಲೂಕು

ಸಂಪಾದಕರ ಉತ್ತರ: ಮೇಷ್ಟ್ರೇ, ಜೀರಂಗಿಯ ಜೊತೆ ಹೋಲಿಸಿದ್ದು ಒಳ್ಳೆಯದೇ ಆಯಿತು. ಈ ಎರಡೂ ಹೊಳಪು ಬಣ್ಣದ ವಸ್ತುವಿನಿಂದ ಬಂದದ್ದಲ್ಲ. ಆದರೆ ದಾರಿ ಬೇರೆ ಬೇರೆ.

ಜಾಲಿ ಗಿಡದ ಜೀರಂಗಿಯ ಚಿಪ್ಪಿನಲ್ಲಿ ತೀರಾ ತೆಳ್ಳಗಿನ ಪದರಗಳು ಒಂದರ ಮೇಲೊಂದು ಕೂತಿವೆ. ಅವುಗಳಿಂದ ವಾಪಸ್ಸು ಬರುವ ಬೆಳಕು ಕೂಡಿಕೊಂಡು ಹಸಿರನ್ನೇ ಜೋರು ಮಾಡುತ್ತದೆ. ಹಾಗಾಗಿ ನೆರಳಲ್ಲೂ ಹಸಿರು.

ನಿಮ್ಮ ದುಂಬಿ ಗೊಣ್ಣೆಹುಳುವಿನ ನೆಂಟನೇ ಇರಬೇಕು. ಆ ಬಳಗದ ಸೆರಿಕಾ ದುಂಬಿಗಳ ಬೆನ್ನಿನ ಮೇಲೆ ಸಾಲುಸಾಲಾಗಿ ಅತಿ ಸಣ್ಣ ಗೆರೆಗಳಿರುತ್ತವೆ. ಇದೇ ಡಿಫ್ರಾಕ್ಷನ್ ಗ್ರೇಟಿಂಗ್, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗೆರೆಸಾಲು. ಹಳೇ ಸಿ.ಡಿ.ಯಲ್ಲೂ ಇದೇ ಕೆಲಸ ನಡೆಯುತ್ತದೆ. ಅಲ್ಲಿ ಗೆರೆಯ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ 1.6 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಒಂದು ಮೈಕ್ರೋಮೀಟರ್). ದುಂಬಿಯ ಗೆರೆಗಳ ನಡುವೆ 1 ಮೈಕ್ರೋಮೀಟರ್ ಅಂತರವಿದೆ, ಬಿಸಿಲು ನೆಟ್ಟಗೆ ಬೀಳುತ್ತಿದೆ ಅಂದುಕೊಳ್ಳಿ. 450 ನ್ಯಾನೋಮೀಟರ್ ತರಂಗಾಂತರದ ನೀಲಿ ಸುಮಾರು 27 ಡಿಗ್ರಿ ಓರೆಯಾಗಿ ಹೊರಡುತ್ತದೆ, 650ರ ಕೆಂಪು ಸುಮಾರು 40 ಡಿಗ್ರಿ. ಒಂದೊಂದು ಬಣ್ಣ ಒಂದೊಂದು ದಿಕ್ಕಿಗೆ! ದುಂಬಿಯನ್ನು ಚೂರು ಹೊರಳಿಸಿದರೆ ಬಣ್ಣ ಬದಲಾಗುವುದು ಇದಕ್ಕೇ. ಕೆಳಗಿನ ಕಂದು ಉಳಿದ ಬೆಳಕನ್ನು ನುಂಗುವುದರಿಂದ ಕಾಮನಬಿಲ್ಲು ಇನ್ನೂ ಎದ್ದು ಕಾಣುತ್ತದೆ.

ತರಗತಿಯಲ್ಲಿ ಬೆಳಕು ಕಿಟಕಿ, ಗೋಡೆ, ಸೂರು ಅಂತ ಎಲ್ಲ ಕಡೆಯಿಂದ ಬರುತ್ತದೆ. ಒಂದೊಂದು ದಿಕ್ಕಿನ ಬೆಳಕೂ ತನ್ನದೇ ಕಾಮನಬಿಲ್ಲು ಹಾಕುತ್ತದೆ. ಎಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಗೆರೆಗಳು ಅಲ್ಲೇ ಇವೆ, ನಮಗೆ ಕಾಣುವುದು ಕಂದು ಮಾತ್ರ. ಅದೇ ಕೋಣೆಯನ್ನು ಕತ್ತಲು ಮಾಡಿ ಒಂದು ಟಾರ್ಚ್ ಬಿಡಿ, ಬಣ್ಣ ಮತ್ತೆ ಬರುತ್ತದೆ.

ಇನ್ನು ಲಾಭದ ಮಾತು. ಹುಳುವಿನ ಬಣ್ಣ ಅಂದ ಕೂಡಲೇ 'ಸಂಗಾತಿಯನ್ನು ಸೆಳೆಯಲು', 'ಹಕ್ಕಿಯನ್ನು ಹೆದರಿಸಲು' ಅಂತ ಬರೆದುಬಿಡುವ ಚಟ ನಮ್ಮಂಥ ಪತ್ರಿಕೆಗಳಿಗೆ ಜಾಸ್ತಿ. ಆದರೆ ಇದು ರಾತ್ರಿ ಓಡಾಡಿ ಹಗಲು ಮಣ್ಣಲ್ಲಿ ಅಡಗುವ ಪ್ರಾಣಿ. ಬಿಸಿಲೇ ಕಾಣದ್ದಕ್ಕೆ ಬಿಸಿಲಿನ ಬಣ್ಣ ಯಾರಿಗೆ ತೋರಿಸಬೇಕಿದೆ, ಅಲ್ವಾ? ಗೆರೆಗಳಿಗೆ ಬೇರೇನೋ ಉಪಯೋಗ ಇರಬಹುದು. ಬಣ್ಣ ಸುಮ್ನೆ ಜೊತೆಗೆ ಬಂದದ್ದು ಎಂದೇ ನನ್ನ ಅನಿಸಿಕೆ.

ಮಕ್ಕಳು ನಂಬದಿದ್ದರೆ ಸತ್ತ ದುಂಬಿಯ ಬೆನ್ನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿಸಿ. ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಸುಲಿದು ಬಿಸಿಲಿಗೆ ಹಿಡಿಯಿರಿ. ಅಚ್ಚು ಚೆನ್ನಾಗಿ ಎದ್ದು ಬಂದರೆ ಆ ಪೊರೆಯಲ್ಲೂ ಕಾಮನಬಿಲ್ಲು ಕಾಣುತ್ತದೆ. ಜೀರಂಗಿಗೆ ಹಚ್ಚಿದರೆ ಹಸಿರು ಪೊರೆಗೆ ಬರುವುದಿಲ್ಲ, ಅದರ ಪದರಗಳು ಚಿಪ್ಪಿನ ಒಳಗೇ ಉಳಿಯುತ್ತವೆ.