ಗಾಡಿ ಗ್ಯಾರೇಜು: ಪಿಕಪ್‌ಗೆ ಹೊಸ ಶಾಕ್ ಹಾಕುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಕಪ್ ಗಾಡಿಗಳ ಶಾಕ್ ಅಬ್ಸಾರ್ಬರ್ ಕುರಿತಾಗಿವೆ. ಒಂದೇ ತೆರನಾದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ವಾರಕ್ಕೆ ಮೂರ್ನಾಲ್ಕು ಸಲ ಲೋಡ್ ಒಯ್ಯುತ್ತೇವೆ. ಲೋಡ್ ಇದ್ದಾಗ ಹಿಂಭಾಗ ಕುಸಿದು ಗುಂಡಿಯಲ್ಲಿ ‘ಧಡ್’ ಎನ್ನುತ್ತದೆ. ಖಾಲಿ ಬರುವಾಗ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಹೆವಿ ಡ್ಯೂಟಿ ಶಾಕ್ ಹಾಕಿದರೆ ಸರಿಹೋದೀತೆ? ಗ್ಯಾರೇಜಿನವರು ಒಂದು ಪಾಟಾ (ಲೀಫ್ ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಹೆಚ್ಚಿಗೆ ಕೂರಿಸಿ ಎನ್ನುತ್ತಾರೆ.
— ಓದುಗರು, ಶಿರಸಿ

ಉತ್ತರ: ನಿಮ್ಮ ಗಾಡಿಗೆ ಇರುವುದು ಎರಡು ಬೇರೆ ಬೇರೆ ಕಾಯಿಲೆ, ಒಂದೇ ಮದ್ದು ಎರಡಕ್ಕೂ ಆಗುವುದಿಲ್ಲ. ಭಾರ ಹೊರುವುದು ಪಾಟಾ. ಕುಗ್ಗಿದ ಪಾಟಾ ಮೇಲೆ-ಕೆಳಗೆ ಆಡುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಒಳಗಿನ ಪಿಸ್ಟನ್ ಆಯಿಲನ್ನು ಸಣ್ಣ ತೂತುಗಳ ಮೂಲಕ ತಳ್ಳುತ್ತದೆ, ಕುಲುಕಾಟದ ಶಕ್ತಿ ಶಾಖವಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಎಷ್ಟು ದುಬಾರಿ ಶಾಕ್ ಹಾಕಿದರೂ ಕುಸಿದ ಹಿಂಭಾಗ ಏಳುವುದಿಲ್ಲ.

‘ಧಡ್’ ಎಂಬ ಸದ್ದು ಬಹುಪಾಲು ಆಕ್ಸಲ್ ಹೋಗಿ ಬಂಪ್ ರಬ್ಬರಿಗೆ (ಆಕ್ಸಲ್ ಚಾಸಿಗೆ ತಾಗದಂತೆ ತಡೆಯುವ ರಬ್ಬರ್ ತುಂಡಿಗೆ) ಬಡಿಯುವುದರಿಂದ ಬರುತ್ತದೆ. ಆ ರಬ್ಬರಿನ ತುದಿ ಹೊಳೆಯುತ್ತಿದ್ದರೆ ಅಥವಾ ಕಿತ್ತುಹೋಗಿದ್ದರೆ ಅನುಮಾನವೇ ಬೇಡ. ಮೊದಲು ವೇಬ್ರಿಡ್ಜಿಗೆ ಹೋಗಿ ಲೋಡ್ ಸಮೇತ ತೂಗಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಮೀರಿಲ್ಲವಾದರೆ ಸಪಾಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ಹಬ್‌ನ ನಡುವಿನಿಂದ ನೇರ ಮೇಲಕ್ಕೆ ಬಾಡಿಯ ಅಂಚಿನವರೆಗೆ ಅಳೆದು ಬರೆದಿಡಿ. ಖಾಲಿ ಇದ್ದಾಗ ಒಮ್ಮೆ, ಲೋಡ್ ಇದ್ದಾಗ ಇನ್ನೊಮ್ಮೆ. ಎಡಕ್ಕೂ ಬಲಕ್ಕೂ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಗ್ಗಿದ ಬದಿಯ ಪಾಟಾಗಳನ್ನು ವೈರ್ ಬ್ರಷ್‌ನಿಂದ ತಿಕ್ಕಿ ನೋಡಿ. ಸೆಂಟರ್ ಬೋಲ್ಟಿನ ಆಚೀಚೆ ಕೂದಲೆಳೆಯಷ್ಟು ಕೆಂಪು ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಎರಡೂ ಬದಿ ಸಮನಾಗಿ ತಗ್ಗಿದ್ದು, ನಿಯಮದ ಲೋಡಿನಲ್ಲೇ ರಬ್ಬರಿಗೂ ಆಕ್ಸಲ್‌ಗೂ ಎರಡು ಬೆರಳಿನ ಸಂದು ಮಾತ್ರ ಉಳಿದಿದ್ದರೆ ಪಾಟಾ ಸೋತಿದೆ. ಸೋತ ಪಾಟಾವನ್ನು ತಣ್ಣಗಿದ್ದಾಗಲೇ ಸುತ್ತಿಗೆಯಿಂದ ಬಡಿದು ಕಮಾನು ಏರಿಸಿ ಕೊಡುವವರಿದ್ದಾರೆ, ಆದರೆ ಆ ಏರು ಹೆಚ್ಚು ದಿನ ನಿಲ್ಲುವುದಿಲ್ಲ. ಹೊಸ ಸೆಟ್ಟೇ ವಾಸಿ. ಪಾಟಾ ಬಿಚ್ಚಿದ ಮೇಲೆ ಅದನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು-ಬೋಲ್ಟನ್ನೇ ಮತ್ತೆ ಹಾಕಬೇಡಿ. ಒಮ್ಮೆ ಬಿಗಿಯಾಗಿ ಎಳೆದ ಬೋಲ್ಟು ಎರಡನೆಯ ಸಲ ಅಷ್ಟೇ ಬಿಗಿ ಹಿಡಿಯುವುದಿಲ್ಲ. ಹೊಸದು ಹಾಕಿ 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಇನ್ನು ಖಾಲಿ ಕುಪ್ಪಳಿಕೆ. ಟನ್ನುಗಟ್ಟಲೆ ಭಾರಕ್ಕೆಂದು ಮಾಡಿದ ಪಾಟಾ ಖಾಲಿ ಗಾಡಿಗೆ ಬಗ್ಗುವುದೇ ಕಡಿಮೆ. ಪಾಟಾ ಆಡದಿದ್ದರೆ ಶಾಕೂ ಆಡುವುದಿಲ್ಲ. ಆಗ ಚೆಂಡಿನಂತೆ ಪುಟಿಯುವುದು ಟೈರು. ಲೋಡಿಗೆಂದು ಹಾಕಿಸಿದ ಗಾಳಿಯಲ್ಲೇ ಖಾಲಿ ಮರಳುತ್ತಿದ್ದೀರಾ? ಬಾಗಿಲ ಕಂಬದ ಸ್ಟಿಕ್ಕರಿನಲ್ಲೋ ಗಾಡಿಯ ಪುಸ್ತಕದಲ್ಲೋ ಖಾಲಿಗೆ ಬೇರೆ, ಲೋಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಇದಕ್ಕೆ ಖರ್ಚಿಲ್ಲ, ಬರೀ ಬೇಸರ. ಗ್ಯಾರೇಜಿನವರ ಮಾತಿನಂತೆ ಪಾಟಾ ಸೇರಿಸಿದರೆ ‘ಧಡ್’ ಕಡಿಮೆಯಾದೀತು, ಆದರೆ ಖಾಲಿ ಬರುವಾಗಿನ ಕುಪ್ಪಳಿಕೆ ಇನ್ನೂ ಜೋರಾಗುತ್ತದೆ.

ಇಷ್ಟಾದ ಮೇಲೆ ಶಾಕ್‌ನ ಸರದಿ. ಕಾರಿನಂತೆ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಪಿಕಪ್‌ಗೆ ಒಗ್ಗುವುದಿಲ್ಲ, ಪಾಟಾಗಳ ನಡುವಿನ ತಿಕ್ಕಾಟವೇ ಅದನ್ನು ಹಿಡಿದುಬಿಡುತ್ತದೆ. ಬದಲಿಗೆ ಹದಗೆಟ್ಟ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಸೈಲೆನ್ಸರಿನಿಂದ ಕೈ ದೂರವಿಟ್ಟು, ಎರಡೂ ಬದಿಯ ಶಾಕ್ ಮುಟ್ಟಿ ನೋಡಿ. ದುಡಿದ ಶಾಕ್ ಬಿಸಿಯಾಗಿರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ತಣ್ಣಗಿರುವುದು ಸತ್ತಿದೆ. ಮೈಮೇಲೆ ಮಂಜಿನಂತೆ ತೆಳುವಾಗಿ ಎಣ್ಣೆ ಹಿಡಿದಿದ್ದರೆ ತೊಂದರೆಯಿಲ್ಲ. ಧಾರೆಯಾಗಿ ಇಳಿದು ಧೂಳು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ. ಟೈರಿನ ಸುತ್ತ ಅಲ್ಲಲ್ಲಿ ಬಟ್ಟಲು ಕೆತ್ತಿದಂತೆ ಸವೆದಿದ್ದರೂ ಶಾಕ್ ಮೇಲೆ ಅನುಮಾನಪಡಿ.

ಡಬ್ಬಿಯ ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದಿದ್ದಕ್ಕೆ ಅರ್ಥವಿಲ್ಲ. ಕೇಳಬೇಕಾದ್ದು ಪಿಸ್ಟನ್ನಿನ ಅಗಲ. ಅಗಲವಾದ ಪಿಸ್ಟನ್ನಿರುವ ಶಾಕ್‌ನಲ್ಲಿ ಆಯಿಲ್ ಹೆಚ್ಚು, ಅಷ್ಟೇ ಕೆಲಸಕ್ಕೆ ಒಳಗಿನ ಒತ್ತಡ ಕಡಿಮೆ, ಬಿಸಿಯೂ ನಿಧಾನ. ಅತಿ ಗಡಸೂ ಬೇಡ. ಶಾಕ್ ಹಿಂದಿರುಗುವಾಗ ತೀರಾ ಬಿಗಿಯಾಗಿದ್ದರೆ ಸಾಲುಗುಂಡಿಗಳಲ್ಲಿ ಪಾಟಾ ಮೇಲೆ ಬರುವಷ್ಟರಲ್ಲಿ ಮುಂದಿನ ಗುಂಡಿ ಸಿಕ್ಕಿ, ಗಾಡಿ ಕುಗ್ಗುತ್ತ ಕುಗ್ಗುತ್ತ ಕೊನೆಗೆ ಬಂಪ್ ರಬ್ಬರಿನ ಮೇಲೇ ಕೂರುತ್ತದೆ. ಆಗ ಮತ್ತದೇ ‘ಧಡ್’.

ಪ್ರಶ್ನೆ: ಮೀನು ಸಾಗಿಸುವ ಪಿಕಪ್. ಹೊಸ ಶಾಕ್ ಹಾಕಿಸಿ ನಾಲ್ಕೇ ತಿಂಗಳಿಗೆ ಅದರ ತುದಿಯ ಕಣ್ಣಿನೊಳಗಿನ ರಬ್ಬರ್ ಬುಷ್ ಹರಿದು ಕಟಕಟ ಸದ್ದು. ಬದಲಿಸಲು ಹೋದರೆ ಕೆಳಗಿನ ಬೋಲ್ಟ್ ಅಲುಗಾಡುತ್ತಿಲ್ಲ. ಮಾಲು ಕಳಪೆಯೆ?
— ಓದುಗರು, ಕಾರವಾರ

ಉತ್ತರ: ಮಾಲಿಗಿಂತ ಕೂರಿಸಿದ ರೀತಿಯ ಮೇಲೆ ನಮ್ಮ ಅನುಮಾನ. ಬುಷ್‌ನ ನಡುವಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಬಿಗಿಯಾಗಿ ಹಿಡಿಯುತ್ತದೆ. ಅದು ತಿರುಗುವುದಿಲ್ಲ, ಸುತ್ತಲಿನ ರಬ್ಬರು ಮಾತ್ರ ತಿರುಚಿಕೊಂಡು ಮರಳುತ್ತದೆ. ಗಾಡಿಯನ್ನು ಜಾಕ್ ಮೇಲೆತ್ತಿ, ಆಕ್ಸಲ್ ಜೋತು ಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಚಕ್ರ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ನಾಲ್ಕು ತಿಂಗಳು ತಾಳಿದ್ದೇ ಹೆಚ್ಚು.

ಬೋಲ್ಟ್ ಹಿಡಿದುಕೊಳ್ಳಲು ಕಾರಣ ಐಸ್ ಕರಗಿ ಸುರಿಯುವ ಉಪ್ಪುನೀರು. ಹಿಂದಿನ ಸಂಜೆಯೇ ಬೋಲ್ಟ್ ತುದಿಯನ್ನು ವೈರ್ ಬ್ರಷ್‌ನಿಂದ ತಿಕ್ಕಿ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ, ರಾತ್ರಿ ಇನ್ನೊಮ್ಮೆ. ಬೆಳಿಗ್ಗೆ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಇಟ್ಟು, ಆಕ್ಸಲ್ ಹೌಸಿಂಗ್ ಅಡಿಗೆ ಬೇರೆ ಜಾಕ್ ಆನಿಸಿ. ಕೆಲವು ಗಾಡಿಗಳಲ್ಲಿ ಆಕ್ಸಲ್ ತೀರಾ ಕೆಳಗಿಳಿಯದಂತೆ ತಡೆದಿರುವುದೇ ಶಾಕ್. ಅದನ್ನು ಬಿಚ್ಚಿದೊಡನೆ ಆಕ್ಸಲ್ ಇಳಿದು ಬ್ರೇಕ್ ಹೋಸ್ ಎಳೆದುಕೊಂಡೀತು. ನಟ್ಟು ಬಂದು ಬೋಲ್ಟ್ ಬಾರದಿದ್ದರೆ ಬುಷ್ ಮತ್ತು ಬ್ರಾಕೆಟ್ ನಡುವೆ ಹ್ಯಾಕ್ಸಾ ಬ್ಲೇಡ್ ಹಾಕಿ ಕೊಯ್ಯಿರಿ. ಗ್ಯಾಸ್ ಕಟರ್ ಮಾತ್ರ ಬೇಡ. ಒಳಗೆ ಎಣ್ಣೆ, ಅದರ ಜೊತೆ ಒತ್ತಡದ ಗ್ಯಾಸ್ ಇರುವ ಮುಚ್ಚಿದ ಡಬ್ಬಿಗೆ ಬೆಂಕಿ ತಾಗಿದರೆ ಸಿಡಿಯುತ್ತದೆ.

ಹೊಸ ಶಾಕ್ ಅಂಗಡಿಯಲ್ಲಿ ಮಲಗಿಸಿಟ್ಟಿದ್ದರೆ ಒಳಗಿನ ಗಾಳಿ ಆಯಿಲಿನಲ್ಲಿ ಸೇರಿರುತ್ತದೆ. ಕೂರಿಸುವಂತೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ನಡುವೆ ತಡೆತಡೆದು ಸಾಗುವುದು ನಿಲ್ಲಬೇಕು. ಬೋಲ್ಟಿನ ಮೈಗೆ ಗ್ರೀಸ್ ಸವರಿ, ರಬ್ಬರಿಗೆ ತಾಗಿಸಬೇಡಿ, ಎಣ್ಣೆ ಜಿಡ್ಡಿಗೆ ರಬ್ಬರು ಉಬ್ಬುತ್ತದೆ. ನಟ್ಟು ಹೊಸದಿರಲಿ. ಕೈಬಿಗಿ ಮಾಡಿ, ಗಾಡಿ ಚಕ್ರದ ಮೇಲೆ ನಿಂತ ನಂತರ, ಎರಡು ಸಲ ಕುಲುಕಿಸಿ, ಕೊನೆಯ ಬಿಗಿ ಕೊಡಿ. ಮೇಲ್ಗಡೆ ಕಡ್ಡಿ ಮತ್ತು ನಟ್ಟು ಇರುವ ಬಗೆಯಾದರೆ ರಬ್ಬರು ಉಬ್ಬಿ ವಾಷರಿನ ಅಂಚಿಗೆ ಬಂದಾಗ ನಿಲ್ಲಿಸಿ. ತಿರುಗುವ ರಾಡನ್ನು ಪಕ್ಕಡಿನಿಂದ ಹಿಡಿಯುವವರನ್ನು ತಡೆಯಿರಿ. ಹೊಳಪಿನ ಮೇಲೆ ಬಿದ್ದ ಒಂದೇ ಗೀರು ಸೀಲನ್ನು ಕೊಯ್ದುಬಿಡುತ್ತದೆ.

ಐಸ್ ನೀರಿಗೆ ಟ್ರೇ ಮೂಲೆಯಿಂದ ಪೈಪ್ ಇಳಿಸಿ ಡಬ್ಬಕ್ಕೆ ಹಿಡಿಯಿರಿ. ಪ್ರತಿ ಟ್ರಿಪ್ಪಿನ ಕೊನೆಗೆ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಆದರೆ ಪ್ರೆಶರ್ ಪಂಪಿನ ಬಾಯನ್ನು ಶಾಕ್‌ನ ಸೀಲಿಗೆ ನೇರ ಹಿಡಿಯಬೇಡಿ.

ಪ್ರಶ್ನೆ: ಗ್ಯಾಸ್ ಶಾಕ್‌ಗೆ ದುಪ್ಪಟ್ಟು ಹಣ ಕೊಡಬಹುದೆ? ಅಂಕೋಲಾ–ಯಲ್ಲಾಪುರ ನಮ್ಮ ಓಡಾಟ.
— ಓದುಗರು, ಅಂಕೋಲಾ

ಉತ್ತರ: ‘ಗ್ಯಾಸ್’ ಎಂದರೆ ಸಾಲದು, ಯಾವ ಬಗೆ ಎಂದು ಕೇಳಿ. ಟ್ವಿನ್ ಟ್ಯೂಬ್‌ನಲ್ಲಿ ಒಂದರೊಳಗೊಂದು ಎರಡು ಕೊಳವೆ, ಹೊರಗಿನದರಲ್ಲಿ ಕಡಿಮೆ ಒತ್ತಡದ ನೈಟ್ರೋಜನ್. ಹೊರಮೈಗೆ ಕಲ್ಲು ತಾಗಿ ಸಣ್ಣಗೆ ಜಜ್ಜಿದರೂ ನಡೆಯುತ್ತದೆ, ಬೆಲೆಯೂ ಕೈಗೆಟಕುತ್ತದೆ. ಮೊನೊಟ್ಯೂಬ್‌ನಲ್ಲಿ ಒಂದೇ ಕೊಳವೆ. ಆಯಿಲ್ ಮತ್ತು ನೈಟ್ರೋಜನ್ ನಡುವೆ ತೇಲುವ ಇನ್ನೊಂದು ಪಿಸ್ಟನ್ ಇದ್ದು ಎರಡನ್ನೂ ಬೇರೆ ಇಡುತ್ತದೆ. ಒತ್ತಡ ಹೆಚ್ಚು, ಕೆಲವಲ್ಲಿ 360 ಪಿಎಸ್‌ಐ. ಹಾಗಾಗಿ ಆಯಿಲ್ ನೊರೆಯಾಗುವುದಿಲ್ಲ, ಶಾಖ ನೇರ ಹೊರಗೋಡೆಗೆ ಬಂದು ಬೇಗ ತಣಿಯುತ್ತದೆ. ಅರಬೈಲ್ ಘಟ್ಟದ ಹದಗೆಟ್ಟ ತಿರುವುಗಳಲ್ಲಿ ಲೋಡ್ ಸಮೇತ ದಿನಾ ಓಡಾಡುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕಲ್ಲುಕ್ವಾರಿಯ ಕಡೆ ಹೋಗುವವರಿಗೆ ಬೇಡ, ಗೋಡೆ ಜಜ್ಜಿದರೆ ಪಿಸ್ಟನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ಎರಡು ಇಂಚು ಎತ್ತರಿಸಿ ಉದ್ದನೆಯ ಶಾಕ್ ಹಾಕಬೇಕೆಂದಿದೆ.
— ಓದುಗರು, ಹೊನ್ನಾವರ

ಉತ್ತರ: ಉದ್ದದ ಶಾಕ್ ಗಾಡಿಯನ್ನು ಎತ್ತರಿಸುವುದಿಲ್ಲ. ಎತ್ತರಿಸುವುದು ಪಾಟಾ ಅಥವಾ ಪಾಟಾಗೂ ಆಕ್ಸಲ್‌ಗೂ ನಡುವೆ ಇಡುವ ಬ್ಲಾಕ್, ಶಾಕ್ ಆ ಎತ್ತರಕ್ಕೆ ಹೊಂದಬೇಕಷ್ಟೆ. ಪೂರ್ತಿ ಮುಚ್ಚಿದಾಗಿನ ಅಳತೆ ಗಮನಿಸಿ. ಆಕ್ಸಲ್ ಬಂಪ್ ರಬ್ಬರನ್ನು ಪೂರ್ತಿ ಅದುಮಿದ ಮೇಲೂ ಶಾಕ್‌ನಲ್ಲಿ 20 ಮಿ.ಮೀ.ನಷ್ಟು ಓಟ ಉಳಿಯಬೇಕು. ಇಲ್ಲದಿದ್ದರೆ ಶಾಕ್ ತಾನೇ ಬಂಪ್ ಸ್ಟಾಪ್ ಆಗಿ ಬ್ರಾಕೆಟ್ಟನ್ನೇ ಕೀಳುತ್ತದೆ. ಇನ್ನೊಂದು, ಯಾರೂ ಹೇಳದ ಸಂಗತಿ: ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಸಲಾಕೆಯೊಂದು ಬ್ರೇಕಿನ ವಾಲ್ವ್‌ಗೆ ಸೇರಿರುತ್ತದೆ. ಗಾಡಿ ಕುಗ್ಗಿದ್ದನ್ನು ನೋಡಿ ಲೋಡ್ ಎಷ್ಟೆಂದು ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು ಅದೇ. ಎತ್ತರಿಸಿದರೆ ಅದು ಗಾಡಿ ಖಾಲಿ ಎಂದೇ ತಿಳಿಯುತ್ತದೆ, ಲೋಡಿನಲ್ಲೂ ಹಿಂದಿನ ಬ್ರೇಕ್ ಸಾಕಾಗುವುದಿಲ್ಲ. ಪಾಟಾ ಹೆಚ್ಚಿಸಿದವರೂ ಇದನ್ನು ಹೊಂದಿಸಿಕೊಳ್ಳಬೇಕು. ಮೂಲ ಅಳತೆಯ ಶಾಕ್ ಬದಲಿಸುವುದಕ್ಕೆ ತಕರಾರಿಲ್ಲ. ಆರ್‌ಸಿಯ ವಿವರಕ್ಕೆ ತಾಳೆಯಾಗದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ.

ಪ್ರಶ್ನೆ: ಒಂದೇ ಶಾಕ್ ಸೋರುತ್ತಿದೆ. ಒಂದನ್ನೇ ಬದಲಿಸಬಹುದೆ?
— ಓದುಗರು, ಕುಮಟಾ

ಉತ್ತರ: ಬೇಡ. ಒಂದು ಆಕ್ಸಲ್‌ಗೆ ಎರಡೂ ಒಟ್ಟಿಗೆ. ಹಳತು-ಹೊಸತು ಜೋಡಿಯಾದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಅಡ್ಡ ಎಳೆದೀತು.

ಪ್ರಶ್ನೆ: ನಮ್ಮದು ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಪಿಕಪ್. ನಾಲ್ಕೂ ಶಾಕ್ ಹೊಸದು, ಆದರೂ ತಿರುವಿನಲ್ಲಿ ವಾಲುತ್ತದೆ.
— ಓದುಗರು, ಭಟ್ಕಳ

ಉತ್ತರ: ಎಷ್ಟು ವಾಲಬೇಕೆಂದು ನಿರ್ಧರಿಸುವುದು ಸ್ಪ್ರಿಂಗು, ಸ್ಟೆಬಿಲೈಸರ್ ಬಾರ್ (ಎಡ-ಬಲ ಚಕ್ರಗಳ ನಡುವೆ ಜೋಡಿಸಿದ ಸಲಾಕೆ) ಮತ್ತು ಲೋಡಿನ ಎತ್ತರ. ಎಷ್ಟು ಬೇಗ ವಾಲಬೇಕೆಂಬುದಷ್ಟೇ ಶಾಕ್‌ನ ಕೈಯಲ್ಲಿದೆ. ಬಾರ್‌ನ ಎರಡು ತುದಿಯ ಲಿಂಕ್ ಮತ್ತು ನಡುವಿನ ರಬ್ಬರುಗಳನ್ನು ಅಲುಗಾಡಿಸಿ ನೋಡಿ, ಸಡಿಲವಿದ್ದರೆ ಬದಲಿಸಿ. ಚಿರೇಕಲ್ಲಿನಂಥ ಭಾರದ ಮಾಲನ್ನು ತಳದಲ್ಲಿ, ಹಿಂದಿನ ಆಕ್ಸಲ್‌ಗಿಂತ ತುಸು ಮುಂದಕ್ಕೆ ಪೇರಿಸಿ. ಕಾಯಿಲ್ ಜೊತೆಗಿನ ಶಾಕ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೀರಾ? ಆ ಶಾಕ್ ಮತ್ತೆ ಬಿಚ್ಚಬೇಕಾಗಿ ಬಂದರೆ, ಸ್ಪ್ರಿಂಗ್ ಅದುಮುವ ಉಪಕರಣವಿಲ್ಲದ ಕಡೆ ನಡುವಿನ ಮೇಲ್ನಟ್ಟಿಗೆ ಪಾನಾ ಹಾಕಲು ಬಿಡಬೇಡಿ. ನಟ್ಟು ಸಡಿಲವಾದೊಡನೆ ಸ್ಪ್ರಿಂಗು ಮುಖಕ್ಕೇ ಹಾರುತ್ತದೆ.